ಪೇಮೆಂಟ್ ಬಂತು, ಎಂಟ್ರಿ ಮಾಡು

“ಮಂಜುನಾಥನ ಕಡೆಯಿಂದ ಪೇಮೆಂಟ್ ಬಂತು, ನಲವತ್ತೈದು ಸಾವಿರ. ಎಂಟ್ರಿ ಮಾಡು.” ಯಾವ ಸಗಟು ಅಂಗಡಿಗೆ ಹೋದರೂ, ಯಾವ ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಟ್ಯಾಲಿಯಲ್ಲಿ ಪಳಗಿದ ಗುಮಾಸ್ತನ ಬೆರಳು ತಾನಾಗಿ ಎಫ್6 ಒತ್ತುತ್ತದೆ. ಎಫ್6 ಅಂದರೆ ರಿಸೀಟ್ ವೋಚರ್, ಒಳಗೆ ಬಂದ ಹಣ. ಪೇಮೆಂಟ್ ವೋಚರ್ ಇರುವುದು ಎಫ್5ರಲ್ಲಿ, ಅದು ಹೊರಗೆ ಹೋದ ಹಣಕ್ಕೆ. ಸಾಹುಕಾರರು ಬಾಯಲ್ಲಿ ಪೇಮೆಂಟ್ ಅಂದದ್ದು ಪುಸ್ತಕದಲ್ಲಿ ರಿಸೀಟ್ ಆಗಬೇಕು ಎಂದು ಅವನಿಗೆ ಯಾರೂ ಬರೆದುಕೊಟ್ಟಿಲ್ಲ. ‘ಬಂತು’ ಅನ್ನುವ ಕ್ರಿಯಾಪದವೇ ಅವನಿಗೆ ಸಾಕು.

ಇದೇ ಮಾತನ್ನು ಈಗ ಎಐ ಏಜೆಂಟ್‌ಗೆ ಹೇಳುವ ಕಾಲ ಬಂದಿದೆ. ಏಜೆಂಟ್‌ನ ಮುಂದೆ ಎರಡು ಟೂಲ್‌ಗಳಿವೆ ಅಂದುಕೊಳ್ಳಿ. ಒಂದು ‘ಕ್ರಿಯೇಟ್ ಪೇಮೆಂಟ್’. ಅದರ ವಿವರಣೆ: “ಪೇಮೆಂಟ್ ವೋಚರ್ ರಚಿಸುತ್ತದೆ.” ಇನ್ನೊಂದು ‘ಕ್ರಿಯೇಟ್ ರಿಸೀಟ್’. ಅದರದ್ದು: “ರಿಸೀಟ್ ವೋಚರ್ ರಚಿಸುತ್ತದೆ.” ಹೆಸರನ್ನೇ ತಿರುಗಿಸಿ ಹೇಳಿದ ಈ ವಿವರಣೆಗಳನ್ನು ಓದಿದ ಏಜೆಂಟ್, ಸಾಹುಕಾರರ ಬಾಯಿಂದ ಬಂದ ಪೇಮೆಂಟ್ ಎಂಬ ಪದ ಹಿಡಿದು ಮೊದಲನೆಯದನ್ನು ಎತ್ತಿಕೊಂಡರೆ ತಪ್ಪು ಯಾರದು? ಮಂಜುನಾಥನ ಖಾತೆಯಲ್ಲಿದ್ದ 45,000 ಬಾಕಿ ಸೊನ್ನೆಯಾಗುವ ಬದಲು 90,000 ಆಗಿ ಕೂರುತ್ತದೆ. ಡೆಬಿಟ್ಟೂ ಕ್ರೆಡಿಟ್ಟೂ ಸಮವಾಗಿರುವುದರಿಂದ ಸಾಫ್ಟ್‌ವೇರ್ ಚಕಾರ ಎತ್ತುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವಾಗಲೋ, ತೀರಿಸಿದ ಸಾಲಕ್ಕೆ ಮತ್ತೆ ವಸೂಲಿ ಮೆಸೇಜ್ ಬಂತೆಂದು ಮಂಜುನಾಥನೇ ಫೋನ್ ಮಾಡಿ ಕೂಗಾಡಿದಾಗಲೋ ವಿಷಯ ಹೊರಬೀಳುತ್ತದೆ.

ಏಜೆಂಟ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಗೊತ್ತಾದರೆ ಈ ಎಡವಟ್ಟು ಸುಲಭವಾಗಿ ಅರ್ಥವಾಗುತ್ತದೆ. ಪರದೆ ನೋಡಿ ಮೌಸ್ ಆಡಿಸುವ ಏಜೆಂಟ್‌ಗಳೂ ಇವೆ, ಅವುಗಳ ಕಥೆ ಬೇರೆ. ಟೂಲ್ ಮೂಲಕ ಕೆಲಸ ಮಾಡುವ ಏಜೆಂಟ್‌ಗೆ ಸಾಫ್ಟ್‌ವೇರ್ ಕಾಣುವುದೇ ಇಲ್ಲ. ಒಳಗಿನ ಕೋಡ್ ಅದರ ಮುಂದಿಲ್ಲ, ಡೇಟಾಬೇಸ್ ಕೂಡ ಇಲ್ಲ. ಅದಕ್ಕೆ ಸಿಗುವುದು ಒಂದು ಪಟ್ಟಿ: ಪ್ರತಿ ಟೂಲಿನ ಹೆಸರು, ಕೆಲವು ಸಾಲಿನ ವಿವರಣೆ, ತುಂಬಬೇಕಾದ ಅಂಕಣಗಳು, ಒಂದೊಂದು ಅಂಕಣದ ಪಕ್ಕ ಒಂದು ಟಿಪ್ಪಣಿ. ನೀವು ಹೇಳಿದ ಮಾತಿನ ಜೊತೆಗೇ ಈ ಪಟ್ಟಿಯನ್ನೂ ಏಜೆಂಟ್‌ನೊಳಗಿನ ಭಾಷಾ ಮಾಡೆಲ್ ಓದುತ್ತದೆ. ಆಮೇಲೆ ‘ಈ ಟೂಲ್, ಈ ಮೌಲ್ಯಗಳು’ ಎಂದು ಬರೆದುಕೊಡುತ್ತದೆ. ನಿಜವಾಗಿ ಕೆಲಸ ನಡೆಸುವುದು ಬೇರೊಂದು ಪ್ರೋಗ್ರಾಂ. ಅದರ ಉತ್ತರ ಮತ್ತೆ ಪಠ್ಯವಾಗಿ ಮಾಡೆಲ್‌ಗೆ ಬರುತ್ತದೆ.

ಓಪನ್‌ಎಐ ಕಂಪನಿ 2023ರ ಜೂನ್‌ನಲ್ಲಿ ಈ ಬಗೆಯ ಟೂಲ್ ಬಳಕೆಯನ್ನು ‘ಫಂಕ್ಷನ್ ಕಾಲಿಂಗ್’ ಹೆಸರಿನಲ್ಲಿ ಡೆವಲಪರ್‌ಗಳ ಕೈಗಿತ್ತಿತು. ಒಂದೊಂದು ಸಾಫ್ಟ್‌ವೇರಿಗೂ ಒಂದೊಂದು ಬಗೆಯ ಜೋಡಣೆ ಮಾಡುವ ತಲೆನೋವು ತಪ್ಪಿಸಲು ಆಂತ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’, ಅಂದರೆ ಎಂಸಿಪಿ ಎಂಬ ಮುಕ್ತ ಮಾನದಂಡ ತಂದಿತು. ಮರುವರ್ಷ ಮಾರ್ಚ್‌ನಲ್ಲಿ ಪ್ರತಿಸ್ಪರ್ಧಿ ಓಪನ್‌ಎಐ ಕೂಡ ಅದನ್ನು ಒಪ್ಪಿಕೊಂಡಿತು. ಬೆಂಗಳೂರಿನ ರೇಜರ್‌ಪೇ, ಜೆರೋಧಾ ಅದೇ ವರ್ಷ ತಮ್ಮ ಟೂಲ್‌ಗಳನ್ನು ಒದಗಿಸುವ ಎಂಸಿಪಿ ಸರ್ವರ್‌ಗಳನ್ನು ಹೊರತಂದವು. ಇಷ್ಟು ಬೇಗ ಹರಡಿದ್ದರಲ್ಲಿ ಒಂದು ತೊಡಕೂ ಬಂತು. ಪ್ರೋಗ್ರಾಮರ್‌ಗಳಿಗಾಗಿ ಮೊದಲೇ ಇದ್ದ ಎಪಿಐಗಳನ್ನು, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ಕೊಂಡಿಗಳನ್ನು, ಹಾಗೆಹಾಗೇ ಟೂಲ್ ಎಂದು ಸುತ್ತಿಕೊಡುವ ಚಾಳಿ ಶುರುವಾಯಿತು, ವಿವರಣೆಗಳೂ ಅಲ್ಲಿಂದಲೇ ನಕಲಾದವು. ಎಪಿಐ ಓದುವ ಪ್ರೋಗ್ರಾಮರ್ ಅನುಮಾನ ಬಂದರೆ ಬೇರೆ ಪುಟ ತೆರೆಯುತ್ತಾನೆ, ಪರೀಕ್ಷಾ ಖಾತೆಯಲ್ಲಿ ಮಾಡಿ ನೋಡುತ್ತಾನೆ, ಟೀ ಕುಡಿಯುತ್ತಾ ಸಹೋದ್ಯೋಗಿಯನ್ನು ಕೇಳುತ್ತಾನೆ. ಏಜೆಂಟ್‌ಗೆ ಆ ಸೌಕರ್ಯವಿಲ್ಲ. ವಿವರಣೆಯಲ್ಲಿ ಇಲ್ಲದ್ದನ್ನು ಅದು ಊಹಿಸುತ್ತದೆ, ಊಹಿಸಿದೆ ಎಂದು ಹೇಳುವುದೂ ಇಲ್ಲ.

ಮೇಲಿನ ಪೇಮೆಂಟ್ ಟೂಲಿಗೆ ವಿವರಣೆ ಬರೆಯುವುದಾದರೆ ಹೀಗೆ ಬರೆಯಬಹುದು: “ನಮ್ಮ ನಗದು ಅಥವಾ ಬ್ಯಾಂಕ್ ಖಾತೆಯಿಂದ ಹಣ ಹೊರಗೆ ಹೋದದ್ದನ್ನು ದಾಖಲಿಸುತ್ತದೆ: ಸರಬರಾಜುದಾರರಿಗೆ, ಬಾಡಿಗೆಗೆ, ಸಂಬಳಕ್ಕೆ ಕೊಟ್ಟ ಹಣ. ಗ್ರಾಹಕರಿಂದ ಬಂದ ಹಣಕ್ಕೆ, ಬಳಕೆದಾರರು ಅದನ್ನು ‘ಪೇಮೆಂಟ್ ಬಂತು’ ಎಂದು ಕರೆದರೂ, ಕ್ರಿಯೇಟ್ ರಿಸೀಟ್ ಬಳಸಿ. ನಗದನ್ನು ಬ್ಯಾಂಕಿಗೆ ಕಟ್ಟಿದ್ದು ಅಥವಾ ಬ್ಯಾಂಕಿನಿಂದ ತೆಗೆದದ್ದು ಎರಡಕ್ಕೂ ಸೇರುವುದಿಲ್ಲ, ಅದಕ್ಕೆ ಕ್ರಿಯೇಟ್ ಕಾಂಟ್ರಾ ಇದೆ. ಹಣ ಯಾವ ದಿಕ್ಕಿಗೆ ಹೋಯಿತೆಂದು ಮಾತಿನಿಂದ ತಿಳಿಯದಿದ್ದರೆ ಬಳಕೆದಾರರನ್ನು ಕೇಳಿ.” ಇದರಲ್ಲಿ ತಂತ್ರಜ್ಞಾನದ ಪದ ಒಂದೂ ಇಲ್ಲ. ಗುಮಾಸ್ತನ ಬೆರಳಿಗೆ ಗೊತ್ತಿದ್ದದ್ದನ್ನು ಬಾಯಿಬಿಡಿಸಿ ಬರೆದದ್ದು, ಅಷ್ಟೆ. ಟೂಲ್ ಏನು ಮಾಡುತ್ತದೆ ಎಂಬುದಕ್ಕಿಂತ ಅದನ್ನು ಯಾವಾಗ ಮುಟ್ಟಬಾರದು ಎಂಬುದಕ್ಕೆ ಹೆಚ್ಚು ಸಾಲು ಖರ್ಚಾಗಿದೆ. ಸ್ವಲ್ಪ ದಿನ ಈ ಕೆಲಸ ಮಾಡಿದವರೆಲ್ಲ ಕೊನೆಗೆ ಹೀಗೇ ಬರೆಯುತ್ತಾರೆ ಎಂದು ನನ್ನ ಅನಿಸಿಕೆ. ಒಂದು ಟೂಲ್ ಒಂಟಿಯಾಗಿದ್ದಾಗ ಸ್ಪಷ್ಟವಾಗಿಯೇ ಇರುತ್ತದೆ. ಅಕ್ಕಪಕ್ಕದಲ್ಲಿ ಅದರ ದಾಯಾದಿ ಬಂದು ಕೂತಾಗಲೇ ಗೊಂದಲ ಹುಟ್ಟುವುದು.

ಇದಕ್ಕಿಂತ ಬಿಗಿಯಾದ ಪ್ರಸಂಗ ಬೇಕೆಂದರೆ ಬಿಲ್ ರದ್ದು ಮಾಡುವುದನ್ನು ನೋಡಬೇಕು. “ಆ ಬಿಲ್ ಕ್ಯಾನ್ಸಲ್ ಮಾಡಿಬಿಡು” ಎಂಬ ನಾಲ್ಕು ಪದದ ಅಪ್ಪಣೆಯೊಳಗೆ ಕನಿಷ್ಠ ಮೂರು ಬೇರೆ ಕೆಲಸಗಳು ಅಡಗಿವೆ. ಬಿಲ್ ಇನ್ನೂ ಡ್ರಾಫ್ಟ್ ಆಗಿದ್ದರೆ ಅಳಿಸಿದರೆ ಮುಗಿಯಿತು. ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹೋಗಿ ಐಆರ್‌ಎನ್ ಎಂಬ 64 ಅಕ್ಷರದ ಗುರುತು ಪಡೆದುಬಂದಿದ್ದರೆ ಪೋರ್ಟಲ್‌ನಲ್ಲೇ ರದ್ದು ಮಾಡಬೇಕು. ಅದಕ್ಕೆ ಸಿಗುವ ಅವಧಿ 24 ಗಂಟೆ. ಗಡುವು ದಾಟಿದರೆ ರದ್ದಿನ ಮಾತೇ ಇಲ್ಲ, ಕ್ರೆಡಿಟ್ ನೋಟ್ ಕೊಟ್ಟು ಲೆಕ್ಕ ಸರಿಪಡಿಸಬೇಕು. ಇಷ್ಟೆಲ್ಲ ಇರುವಾಗ ಟೂಲಿನ ವಿವರಣೆ “ಇನ್‌ವಾಯ್ಸ್ ರದ್ದುಪಡಿಸುತ್ತದೆ” ಎಂದಿದ್ದರೆ, ಏಜೆಂಟ್ ಅದನ್ನೇ ಒತ್ತುತ್ತದೆ, ಪೋರ್ಟಲ್ ತಿರಸ್ಕರಿಸುತ್ತದೆ, ಏಜೆಂಟ್ ಮತ್ತೆ ಒತ್ತುತ್ತದೆ. ಜಾಣ ಏಜೆಂಟ್ ಆಗಿದ್ದರೆ ಬೇರೆ ದಾರಿ ಹುಡುಕಲು ಹೊರಡುತ್ತದೆ. ಹೆದರಬೇಕಾದದ್ದು ಆ ಜಾಣತನಕ್ಕೆ.

ನಾನು ಬರೆಯುವುದಾದರೆ ಹೀಗೆ: “ಐಆರ್‌ಎನ್ ಪಡೆದ ಇ-ಇನ್‌ವಾಯ್ಸನ್ನು ಪೋರ್ಟಲ್‌ನಲ್ಲಿ ರದ್ದು ಮಾಡುತ್ತದೆ. ಐಆರ್‌ಎನ್ ಬಂದು 24 ಗಂಟೆ ದಾಟಿದ್ದರೆ ಇದನ್ನು ಬಳಸದೆ ಕ್ರೆಡಿಟ್ ನೋಟ್ ಟೂಲ್ ಬಳಸಿ. ರದ್ದಾಗುವುದು ಪೂರ್ತಿ ಬಿಲ್. ಒಂದೆರಡು ಐಟಂ ತೆಗೆಯಲು ಆಗುವುದಿಲ್ಲ. ಬಿಲ್‌ಗೆ ಚಾಲ್ತಿಯಲ್ಲಿರುವ ಇ-ವೇ ಬಿಲ್ ಇದ್ದರೆ ಮೊದಲು ಅದು ರದ್ದಾಗಬೇಕು. ರದ್ದಾದ ಮೇಲೆ ವಾಪಸ್ ತರಲಾಗದು, ಅದೇ ಬಿಲ್ ಸಂಖ್ಯೆಗೆ ಮತ್ತೆ ಐಆರ್‌ಎನ್ ಸಿಗದು. ಡ್ರಾಫ್ಟ್ ಅಳಿಸಲು ಡಿಲೀಟ್ ಡ್ರಾಫ್ಟ್ ಇದೆ.” ಬಿಲ್ ಸಂಖ್ಯೆಯ ಆ ಸಾಲಿನ ಬೆಲೆ ನೋಡಿ. ಬಿಲ್ ಸಂಖ್ಯೆ ಮತ್ತೆ ಬಳಸಲಾಗದೆಂದು ಗೊತ್ತಿಲ್ಲದ ಏಜೆಂಟ್, ಗ್ರಾಹಕರ ವಿಳಾಸದಲ್ಲಿ ಒಂದಕ್ಷರ ತಪ್ಪಿತೆಂದು ಬಿಲ್ ರದ್ದು ಮಾಡಿ, ಅದೇ ಸಂಖ್ಯೆಯಲ್ಲಿ ಹೊಸದನ್ನು ಕಳಿಸಲು ಹೋಗಿ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ಸರಕು ಹೊತ್ತ ಲಾರಿ ಹೊರಟಿರಬಹುದು.

ವಾಣಿಜ್ಯ ತೆರಿಗೆಯ ಈ ಸಂಗತಿಗಳು ಮಾಡೆಲ್‌ಗೆ ಮೊದಲೇ ಗೊತ್ತಿರುವುದಿಲ್ಲವೇ ಎಂದು ಕೇಳಬಹುದು. ಗೊತ್ತಿರಬಹುದು. ಆದರೆ ಈ ಟೂಲ್ ಪೋರ್ಟಲ್‌ವರೆಗೂ ಹೋಗುತ್ತದೋ, ನಮ್ಮ ಪುಸ್ತಕದಲ್ಲಿ ಮಾತ್ರ ಗೆರೆ ಎಳೆದು ಸುಮ್ಮನಾಗುತ್ತದೋ ಎಂಬುದು ಜಗತ್ತಿನ ಯಾವ ಪುಸ್ತಕ ಓದಿದರೂ ಅದಕ್ಕೆ ತಿಳಿಯದು. ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರತಿ ದಾಖಲೆಗೂ ಒಂದು ಸ್ಥಿತಿಸಂಖ್ಯೆ ಇರುತ್ತದೆ: 0 ಅಂದರೆ ಡ್ರಾಫ್ಟ್, 1 ಅಂದರೆ ಸಬ್‌ಮಿಟ್ ಆದದ್ದು, 2 ಅಂದರೆ ರದ್ದಾದದ್ದು. ಡ್ರಾಫ್ಟ್ ಬಿಲ್ ಲೆಡ್ಜರ್ ಮುಟ್ಟುವುದಿಲ್ಲ. ‘ಕ್ರಿಯೇಟ್ ಇನ್‌ವಾಯ್ಸ್’ ಎಂಬ ಟೂಲ್ ಡ್ರಾಫ್ಟ್ ಮಾಡಿ ನಿಲ್ಲಿಸುತ್ತದೆ ಎಂದು ವಿವರಣೆಯಲ್ಲಿ ಬರೆಯದಿದ್ದರೆ, ಏಜೆಂಟ್ “ಬಿಲ್ ಆಯಿತು ಸಾರ್” ಎಂದು ಉತ್ಸಾಹದಿಂದ ವರದಿ ಕೊಡುತ್ತದೆ. ತಿಂಗಳ ಮಾರಾಟದ ಲೆಕ್ಕದಲ್ಲಿ ಆ ಬಿಲ್ ಇರುವುದೇ ಇಲ್ಲ.

ಅಂಕಣಗಳ ಪಕ್ಕದ ಟಿಪ್ಪಣಿಗಳಲ್ಲೂ ಕಳ್ಳ ಗುಂಡಿಗಳಿವೆ. ಹಣದ ಅಂಕಣ ನೋಡಿ. ರೇಜರ್‌ಪೇಯಂಥ ಪಾವತಿ ವ್ಯವಸ್ಥೆಗಳು ಮೊತ್ತವನ್ನು ಪೈಸೆಯಲ್ಲಿ ಕೇಳುತ್ತವೆ. ಐನೂರು ರೂಪಾಯಿ ಎಂದರೆ 50000 ಎಂದು ತುಂಬಬೇಕು. ಟಿಪ್ಪಣಿಯಲ್ಲಿ ಬರೀ ‘ಮೊತ್ತ’ ಎಂದಿದ್ದರೆ ಏಜೆಂಟ್ 500 ಎಂದು ತುಂಬಿ ಗ್ರಾಹಕರಿಗೆ ಐದು ರೂಪಾಯಿ ರೀಫಂಡ್ ಕಳಿಸುತ್ತದೆ. ಅದೇ ರೀಫಂಡ್‌ನಲ್ಲಿ ಮೊತ್ತದ ಅಂಕಣ ಖಾಲಿ ಬಿಟ್ಟರೆ ಪೂರ್ತಿ ಹಣ ವಾಪಸಾಗುತ್ತದೆ. ಖಾಲಿ ಎಂದರೆ ‘ಏನೂ ಇಲ್ಲ’ ಎಂದಲ್ಲ, ‘ಎಲ್ಲವೂ’ ಎಂದು ಹೇಳದೆ ಬಿಡುವುದು ನನ್ನ ಪ್ರಕಾರ ಅಪರಾಧಕ್ಕೆ ಹತ್ತಿರದ ಸೋಮಾರಿತನ. ದಿನಾಂಕವೂ ಹಾಗೆಯೇ. 04/05/2025 ನಮಗೆ ಮೇ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಐದು. ವರ್ಷ-ತಿಂಗಳು-ದಿನ ಎಂಬ ಕ್ರಮವನ್ನು ಕಡ್ಡಾಯ ಮಾಡಿ ಒಂದು ಉದಾಹರಣೆ ಕೊಟ್ಟರೆ ಆ ಜಗಳ ಮುಗಿಯುತ್ತದೆ. “ಮೊದಲ ಕ್ವಾರ್ಟರ್‌ನ ಮಾರಾಟ ಎಷ್ಟು” ಎಂದು ಕೇಳಿದಾಗ ಏಜೆಂಟ್ ಜನವರಿಯಿಂದ ಎಣಿಸದಿರಲು, ನಮ್ಮ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ ಎಂಬ ಸಾಲು ಬೇಕು.

ಹೆಸರುಗಳ ವಿಷಯ ಇನ್ನೂ ತಮಾಷೆ. ‘ಮಂಜುನಾಥ’ ಎಂದು ಹುಡುಕಿದರೆ ಯಾವ ಊರಿನ ಪಾರ್ಟಿ ಪಟ್ಟಿಯಲ್ಲೂ ಒಬ್ಬನೇ ಸಿಗುವುದಿಲ್ಲ. ಒಬ್ಬನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಎಚ್ ಇರುತ್ತದೆ, ಇನ್ನೊಬ್ಬನದರಲ್ಲಿ ಇರುವುದಿಲ್ಲ. ಹುಡುಕುವ ಟೂಲ್ ಕಾಗುಣಿತ ಸಡಿಲ ಬಿಟ್ಟು ಹುಡುಕುತ್ತದೆಯೇ, ಅಕ್ಷರಕ್ಕೆ ಅಕ್ಷರ ಕೂಡಬೇಕೇ ಎಂದು ಏಜೆಂಟ್‌ಗೆ ಹೇಳಬೇಕು. ಒಂದಕ್ಕಿಂತ ಹೆಚ್ಚು ಸಿಕ್ಕರೆ ಊರು, ಬಾಕಿ ಮೊತ್ತ ತೋರಿಸಿ ಬಳಕೆದಾರರನ್ನೇ ಕೇಳು ಎಂದೂ ಹೇಳಬೇಕು. ಇಲ್ಲದಿದ್ದರೆ ಪಟ್ಟಿಯ ಮೊದಲ ಮಂಜುನಾಥನೇ ಎಲ್ಲರ ಸಾಲ ಹೊರುತ್ತಾನೆ.

ಈ ಸೂಕ್ಷ್ಮಗಳು ಅಂಗಡಿ ಲೆಕ್ಕದವರಿಗೆ ಮಾತ್ರ ಎದುರಾದವಲ್ಲ. ಮಾಡೆಲ್ ಕಟ್ಟಿದ ಆಂತ್ರೊಪಿಕ್‌ನವರೇ ಬರೆದುಕೊಂಡಿರುವಂತೆ, ಕೋಡ್ ತಿದ್ದುವ ಏಜೆಂಟ್ ತಯಾರಿಸುವಾಗ ಮುಖ್ಯ ಸೂಚನೆಗಿಂತ ಟೂಲ್‌ಗಳನ್ನು ತಿದ್ದುವುದಕ್ಕೇ ಅವರಿಗೆ ಹೆಚ್ಚು ಹೊತ್ತು ಹಿಡಿಯಿತು. ಏಜೆಂಟ್ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಹೋದ ಮೇಲೆ ಕಡತದ ಅರ್ಧ ವಿಳಾಸ ಕೊಟ್ಟು ದಾರಿ ತಪ್ಪುತ್ತಿತ್ತು. ಪೂರ್ತಿ ವಿಳಾಸವನ್ನೇ ಕಡ್ಡಾಯ ಮಾಡಿದಾಗ ತಪ್ಪು ನಿಂತಿತು. ಅವರ ವೆಬ್ ಹುಡುಕಾಟದ ಟೂಲ್ ಹೊರಬಂದ ಹೊಸತರಲ್ಲಿ ಮಾಡೆಲ್ ಕೇಳದಿದ್ದರೂ ಹುಡುಕುವ ಪದಗಳ ಬಾಲಕ್ಕೆ ‘2025’ ಅಂಟಿಸುತ್ತಿತ್ತಂತೆ, ಫಲಿತಾಂಶ ಕೆಡುತ್ತಿತ್ತು. ಸರಿಹೋದದ್ದು ವಿವರಣೆ ತಿದ್ದಿದಾಗ. ಒಂದೊಂದು ಟೂಲಿಗೂ ಮೂರ್ನಾಲ್ಕು ವಾಕ್ಯವಾದರೂ ಬರೆಯಿರಿ ಎಂಬುದು ಡೆವಲಪರ್‌ಗಳಿಗೆ ಅವರ ಸಲಹೆ.

ಹಾಗೆಂದು ಪುಟಗಟ್ಟಲೆ ಬರೆಯುವಂತಿಲ್ಲ. ವಿವರಣೆಗಳೆಲ್ಲ ಮಾಡೆಲ್ ಒಮ್ಮೆಗೆ ಓದಿಕೊಳ್ಳಬಲ್ಲ ಪಠ್ಯದ ಮಿತಿಯಲ್ಲೇ ಜಾಗ ಹಿಡಿಯುತ್ತವೆ. ಐದು ಸರ್ವರ್‌ಗಳ 58 ಟೂಲ್‌ಗಳ ವಿವರಣೆಯೇ ಸುಮಾರು 55,000 ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ತಿಂದ ಲೆಕ್ಕವನ್ನು ಅದೇ ಕಂಪನಿ ಕೊಟ್ಟಿದೆ. ಆಗಿನ್ನೂ ಬಳಕೆದಾರರು ಒಂದು ಮಾತೂ ಆಡಿರುವುದಿಲ್ಲ. ಕನ್ನಡದಲ್ಲಿ ವಿವರಣೆ ಬರೆದರೆ ಮಾಡೆಲ್‌ಗಳಿಗೆ ಅರ್ಥವಾಗುತ್ತದೆ, ಆದರೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಬೀಳುತ್ತದೆ. ಹಾಗಾಗಿ ವಿವರಣೆಯನ್ನು ಇಂಗ್ಲಿಷಿನಲ್ಲಿಟ್ಟು, ನಮ್ಮವರು ಬಾಯಲ್ಲಿ ಆಡುವ ಉದ್ರಿ, ಬಾಕಿ, ಜಮಾ ಮುಂತಾದವನ್ನು ಮಾತ್ರ ಆಯಾ ಟೂಲಿನ ಜೊತೆ ಸೇರಿಸುವುದು ಒಳ್ಳೆಯ ನಡುದಾರಿ. ಟೂಲ್‌ಗಳ ಸಂಖ್ಯೆಯನ್ನೇ ಇಳಿಸುವುದು ಅದಕ್ಕಿಂತ ಒಳ್ಳೆಯದು. ಗ್ರಾಹಕರನ್ನು ಹುಡುಕಲು ಒಂದು, ಬಾಕಿ ತರಲು ಒಂದು, ಹಳೆಯ ಬಿಲ್ ತರಲು ಇನ್ನೊಂದು ಎಂದು ಮೂರು ಕೊಡುವ ಬದಲು ‘ಗ್ರಾಹಕರ ಸ್ಥಿತಿ’ ಎಂಬ ಒಂದೇ ಟೂಲ್ ಸಾಕಾಗಬಹುದು.

ಜಾಗ ಹಾಳುಮಾಡುವ ಇನ್ನೊಂದು ವರ್ಗವೆಂದರೆ ಗಾಬರಿಯ ವಾಕ್ಯಗಳು. “ಎಚ್ಚರಿಕೆಯಿಂದ ಬಳಸಿ” ಎಂದು ಓದಿದ ಏಜೆಂಟ್ ಏನು ಮಾಡಬೇಕು? ಉಸಿರು ಬಿಗಿಹಿಡಿದು ಬಟನ್ ಒತ್ತಬೇಕೆ? “ಒಂದು ಲಕ್ಷ ಮೀರಿದರೆ ಮೊತ್ತವನ್ನು ಬಳಕೆದಾರರಿಗೆ ಓದಿ ಹೇಳಿ, ಒಪ್ಪಿಗೆ ಪಡೆದು ಮುಂದುವರಿಯಿರಿ” ಎಂದರೆ ಅದಕ್ಕೊಂದು ಕೆಲಸ ಸಿಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರು ಎಲ್ಲ ಟೂಲಿಗೂ ದೊಡ್ಡಕ್ಷರದಲ್ಲಿ ‘ಅತಿ ಮುಖ್ಯ’ ಎಂದು ಕೂಗುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲದ್ದು ಪುಣ್ಯ.

ಟೂಲ್ ವಾಪಸ್ ಕೊಡುವ ತಪ್ಪಿನ ಸಂದೇಶವನ್ನು ವಿವರಣೆಯ ಮುಂದಿನ ಕಂತು ಎಂದೇ ನಾನು ಎಣಿಸುತ್ತೇನೆ. “400, ಬ್ಯಾಡ್ ರಿಕ್ವೆಸ್ಟ್” ಎಂದರೆ ಏಜೆಂಟ್ ಕತ್ತಲಲ್ಲಿ ತಡಕಾಡುತ್ತದೆ. “ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಇರಬೇಕು, ನೀವು ಕೊಟ್ಟದ್ದು 14. ಕರ್ನಾಟಕದ ನೋಂದಣಿಯಾದರೆ 29ರಿಂದ ಶುರುವಾಗುತ್ತದೆ. ಊಹಿಸಿ ತುಂಬದೆ ಬಳಕೆದಾರರನ್ನು ಕೇಳಿ” ಎಂದರೆ ಮುಂದಿನ ಹೆಜ್ಜೆ ಸರಿಯಾಗಿ ಬೀಳುತ್ತದೆ. ಉತ್ತರವೇ ಬಾರದೆ ಸಂಪರ್ಕ ಕಡಿದುಹೋದಾಗ ಏನು ಮಾಡಬೇಕೆಂಬುದು ಇನ್ನೂ ಮುಖ್ಯ. ಮತ್ತೊಮ್ಮೆ ಕರೆದರೆ ಎರಡನೇ ವೋಚರ್ ಹುಟ್ಟುತ್ತದೆಯೇ? ಹುಟ್ಟುವುದಾದರೆ “ಮತ್ತೆ ಪ್ರಯತ್ನಿಸುವ ಮೊದಲು ಇವತ್ತಿನ ಎಂಟ್ರಿಗಳಲ್ಲಿ ಹುಡುಕಿ ನೋಡಿ” ಎಂದು ಬರೆದಿರಬೇಕು.

ಇಷ್ಟು ಹೇಳಿದ ಮೇಲೆ ವಿವರಣೆಯ ಮಿತಿಯನ್ನೂ ಹೇಳಬೇಕು. ಎಂಸಿಪಿಯಲ್ಲಿ ಒಂದು ಟೂಲ್ ಬರೀ ಓದುತ್ತದೆಯೇ, ಏನನ್ನಾದರೂ ನಾಶ ಮಾಡಬಹುದೇ, ಎರಡು ಸಲ ಕರೆದರೂ ಪರಿಣಾಮ ಒಂದೇ ಆಗಿರುತ್ತದೆಯೇ ಎಂದು ಗುರುತು ಹಾಕುವ ಸೌಲಭ್ಯವಿದೆ. ಆ ಗುರುತುಗಳು ಬರೀ ಸುಳಿವುಗಳು, ನಂಬಿಕಸ್ತ ಸರ್ವರ್‌ನಿಂದ ಬಂದಿದ್ದರಷ್ಟೇ ನಂಬಿ ಎಂದು ಅದರ ನಿಯಮಾವಳಿಯೇ ಎಚ್ಚರಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ಎರಡು ಸಂಖ್ಯೆ ಕೂಡುವ ಒಂದು ಪಾಪದ ಟೂಲ್ ಮಾಡಿ ತೋರಿಸಿತು. ಅದರ ವಿವರಣೆಯೊಳಗೆ, ಮಾಡೆಲ್ ಓದುವ ಆದರೆ ಬಳಕೆದಾರರಿಗೆ ಸಾಮಾನ್ಯವಾಗಿ ಕಾಣದ ಜಾಗದಲ್ಲಿ, ಕಂಪ್ಯೂಟರಿನ ಗುಪ್ತ ಕೀಲಿಗಳನ್ನು ಓದಿ ಅಂಕಣದಲ್ಲಿ ತುಂಬಿ ಕಳಿಸು ಎಂಬ ಆದೇಶ ಅಡಗಿತ್ತು. ಏಜೆಂಟ್ ಅದನ್ನು ಪಾಲಿಸಿತು. ಅದೇ ವರ್ಷ ಜುಲೈನಲ್ಲಿ ರೆಪ್ಲಿಟ್ ಕಂಪನಿಯ ಕೋಡಿಂಗ್ ಏಜೆಂಟ್, ಏನನ್ನೂ ಬದಲಿಸಬೇಡ ಎಂದು ಬಳಕೆದಾರರು ಸ್ಪಷ್ಟವಾಗಿ ಹೇಳಿದ್ದರೂ, ಚಾಲ್ತಿಯಲ್ಲಿದ್ದ ಡೇಟಾಬೇಸ್ ಅಳಿಸಿಹಾಕಿ ದೊಡ್ಡ ಸುದ್ದಿಯಾಯಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಅಂದಮೇಲೆ ಒಂದು ಲಕ್ಷದ ಮೇಲಿನ ಪಾವತಿಗೆ ಒಪ್ಪಿಗೆ ಕಡ್ಡಾಯವೆಂದಿದ್ದರೆ ವಿವರಣೆಯಲ್ಲಿ ಬರೆದ ಸಾಲೊಂದನ್ನೇ ನೆಚ್ಚಿಕೊಳ್ಳಬಾರದು. ಒಪ್ಪಿಗೆ ಇಲ್ಲದೆ ಬಂದ ಕರೆಯನ್ನು ಸಾಫ್ಟ್‌ವೇರ್ ತಾನೇ ತಿರಸ್ಕರಿಸಬೇಕು.

ಬರೆದದ್ದು ಸರಿಯಾಗಿದೆಯೇ ಎಂದು ನೋಡುವ ಬಗೆ ಸರಳ. ಆಫೀಸಿನಲ್ಲಿ ದಿನವೂ ಕೇಳುವ ಮಾತುಗಳನ್ನು, ಅವುಗಳ ಅರ್ಧಂಬರ್ಧ ವಾಕ್ಯಗಳ ಸಮೇತ, ಒಂದು ಹಾಳೆಯಲ್ಲಿ ಬರೆದುಕೊಂಡು ಪರೀಕ್ಷಾ ಕಂಪನಿಯ ಡೇಟಾದ ಮೇಲೆ ಏಜೆಂಟ್‌ನಿಂದ ಮಾಡಿಸುವುದು. ಅದು ಯಾವ ಟೂಲ್ ಎತ್ತಿಕೊಂಡಿತು, ಏನು ತುಂಬಿತು ಎಂಬ ದಾಖಲೆಯನ್ನು ಸಾಲುಸಾಲಾಗಿ ಓದುವುದು. ಓದುವಾಗ ನಿದ್ದೆ ಬರುತ್ತದೆ, ನಿಜ. ಆದರೆ ಒಂದು ಸಾಲು ತಿದ್ದಿದಾಗ ರಿಸೀಟ್ ಸರಿಹೋಗಿ ಕಾಂಟ್ರಾ ಕೆಡುವುದು ಗೊತ್ತಾಗುವುದು ಅಲ್ಲಿಯೇ.

ಈ ಕೆಲಸವನ್ನು ಪ್ರೋಗ್ರಾಮರ್‌ಗೆ ಪೂರ್ತಿ ವಹಿಸಿ ಕೈತೊಳೆದುಕೊಳ್ಳುವ ಕಂಪನಿಗಳ ಬಗ್ಗೆ ನನಗೆ ತಕರಾರಿದೆ. 24 ಗಂಟೆಯ ಗಡುವು, ‘ಪೇಮೆಂಟ್ ಬಂತು’ ಎಂಬ ಮಾತಿನ ಒಳಾರ್ಥ, ಯಾವ ಪಾರ್ಟಿ ಯಾವ ಹೆಸರಿನಲ್ಲಿ ಬಿಲ್ ಕೇಳುತ್ತಾನೆ ಎಂಬುದೆಲ್ಲ ಗೊತ್ತಿರುವುದು ಲೆಕ್ಕ ವಿಭಾಗದ ಹಳಬರಿಗೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ವಿವರಣೆ ಬರೆಯಬೇಕು. ಬರೆದ ಮೇಲೂ ಅವರನ್ನು ಬಿಡುವಂತಿಲ್ಲ, ಏಕೆಂದರೆ ನಿಯಮಗಳು ನಿಲ್ಲುವುದಿಲ್ಲ. ಇ-ಇನ್‌ವಾಯ್ಸ್ ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಇದ್ದದ್ದು ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂತು. ಇಂಥ ಅಂಕಿಯನ್ನು ವಿವರಣೆಯಲ್ಲಿ ಕೆತ್ತಿಡದೆ, ಟೂಲ್ ತಾನೇ ಪರಿಶೀಲಿಸಿ ‘ಬೇಕು’, ‘ಬೇಡ’ ಎಂದು ಹೇಳುವಂತೆ ಮಾಡುವುದು ಲೇಸು.

ತೆರಿಗೆ ದರದ ಅಂಕಣವನ್ನೇ ನೋಡಿ. ಅದರ ಪಕ್ಕ “ಉದಾಹರಣೆ: 5, 12, 18, 28” ಎಂದು ಯಾರೋ ಒಳ್ಳೆಯ ಮನಸ್ಸಿನಿಂದ ಬರೆದಿಟ್ಟಿರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರಲ್ಲಿದ್ದ ಬಹುಪಾಲು ಸರಕುಗಳು 5ಕ್ಕೋ 18ಕ್ಕೋ ಸರಿದವು, ಕೆಲವಕ್ಕೆ 40ರ ಹೊಸ ದರ ಬಂತು. ಬಿಲ್ಲಿಂಗ್ ಸಾಫ್ಟ್‌ವೇರ್‌ನ ದರಪಟ್ಟಿಯನ್ನು ಲೆಕ್ಕ ವಿಭಾಗದವರು ರಾತ್ರೋರಾತ್ರಿ ಬದಲಿಸಿದರು. ಟೂಲಿನ ಪಕ್ಕದ ಆ ಉದಾಹರಣೆ ಮಾತ್ರ ಯಾರ ಕಣ್ಣಿಗೂ ಬೀಳುವ ಜಾಗದಲ್ಲಿಲ್ಲ. ದರಪಟ್ಟಿ ತಿದ್ದುವವರ ಕೆಲಸದ ಪಟ್ಟಿಯಲ್ಲೇ ಟೂಲ್ ವಿವರಣೆಯೂ ಒಂದು ಸಾಲಾಗಿ ಸೇರದಿದ್ದರೆ, ಏಜೆಂಟ್ ಹಳೆಯ ನಾಲ್ಕು ದರಗಳನ್ನೇ ಓದಿಕೊಂಡು ಹೊಸ ಬಿಲ್ ಬರೆಯುತ್ತಾ ಹೋಗುತ್ತದೆ.